ಮನೆಯ ವರ್ಕ್‌ಶಾಪ್‌ಗೆ ತ್ರೀ ಫೇಸ್: ಯಾವ ಯಂತ್ರಕ್ಕೆ ಎಷ್ಟು ಆಂಪಿಯರ್‌ನ ಎಂಸಿಬಿ ಹಾಕಬೇಕು?

ಹಿತ್ತಲ ಶೆಡ್, ತುಮಕೂರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ತುಮಕೂರಿನ ಹೊರವಲಯದಲ್ಲಿರುವ ನಮ್ಮ ಮನೆಯ ಹಿತ್ತಲಿನಲ್ಲಿ ತಗಡಿನ ಚಾವಣಿಯ ಒಂದು ಶೆಡ್ ಕಟ್ಟಿಸಿದ್ದು, ಅದರಲ್ಲಿ ಸ್ವಂತ ಬಳಕೆಗಾಗಿ ಮರಗೆಲಸ ಮತ್ತು ಸಣ್ಣಪುಟ್ಟ ಲೇತ್ ಕೆಲಸ ಮಾಡಿಕೊಳ್ಳಬೇಕೆಂದಿದ್ದೇನೆ. ಮನೆಗೆ ತ್ರೀ ಫೇಸ್ ಸಂಪರ್ಕ ಮೊದಲಿನಿಂದಲೂ ಇದೆ. ಮಂಜೂರಾಗಿರುವ ಲೋಡ್ 10 ಕಿಲೋವಾಟ್. ಮೀಟರ್ ಬೋರ್ಡಿನಿಂದ ಶೆಡ್ಡಿಗೆ ಸುಮಾರು 60 ಅಡಿ ದೂರವಿದ್ದು, ಅಷ್ಟು ದೂರಕ್ಕೂ 10 ಚದರ ಮಿ.ಮೀ. ಅಲ್ಯೂಮಿನಿಯಂನ ನಾಲ್ಕು ಕೋರ್ ಆರ್ಮರ್ಡ್ ಕೇಬಲ್ಲನ್ನು ನೆಲದಡಿಯಲ್ಲಿ ಹಾಕಿಸಿಯಾಗಿದೆ. ಶೆಡ್ಡಿನೊಳಗಿನ ವೈರಿಂಗ್ ಇನ್ನೂ ಆಗಬೇಕು. ಅದಕ್ಕಾಗಿ ಪಿವಿಸಿ ಪೈಪು ಮತ್ತು 2.5 ಚದರ ಮಿ.ಮೀ. ತಾಮ್ರದ ವೈರು ತಂದಿಟ್ಟಿದ್ದೇನೆ.

ಯಂತ್ರಗಳು ಹೀಗಿವೆ: ರಾಜಕೋಟ್‌ನಲ್ಲಿ ತಯಾರಾದ 2 ಎಚ್‌ಪಿಯ ಹಳೆಯ ಲೇತ್ ಒಂದು, ಮರದ ಕೆಲಸಕ್ಕೆ ಪ್ಲೇನರ್ ಮತ್ತು ಸರ್ಕ್ಯುಲರ್ ಸಾ ಎರಡೂ ಒಂದರಲ್ಲೇ ಇರುವ 3 ಎಚ್‌ಪಿಯ ಯಂತ್ರ ಒಂದು, ಇದರ ಮೋಟಾರ್ ಹಿಂದೊಮ್ಮೆ ರಿವೈಂಡ್ ಆಗಿದೆ, 2 ಎಚ್‌ಪಿಯ ಕಂಪ್ರೆಸರ್ ಒಂದು. ಈ ಮೂರೂ ತ್ರೀ ಫೇಸ್. ಇವುಗಳಲ್ಲದೆ ಸಿಂಗಲ್ ಫೇಸ್‌ನಲ್ಲಿ ಓಡುವ 200 ಆಂಪಿಯರ್‌ನ ಇನ್ವರ್ಟರ್ ವೆಲ್ಡಿಂಗ್ ಯಂತ್ರ, ಒಂದು ಬೆಂಚ್ ಗ್ರೈಂಡರ್ ಮತ್ತು ದೀಪ, ಫ್ಯಾನುಗಳಿವೆ. ಕೆಲಸ ಮಾಡುವವನು ನಾನೊಬ್ಬನೇ ಆದ್ದರಿಂದ ಎರಡು ದೊಡ್ಡ ಯಂತ್ರಗಳು ಒಟ್ಟಿಗೆ ಓಡುವ ಸಂದರ್ಭ ಕಡಿಮೆ. ಹೆಚ್ಚೆಂದರೆ ಕಂಪ್ರೆಸರ್ ತಾನಾಗಿಯೇ ಆನ್ ಆದಾಗ ಇನ್ನೊಂದು ಯಂತ್ರ ಓಡುತ್ತಿರಬಹುದು.

ವೈರಿಂಗ್ ಮಾಡಲು ಒಪ್ಪಿಕೊಂಡಿರುವ ಎಲೆಕ್ಟ್ರಿಷಿಯನ್, ಮೀಟರಿನ ಪಕ್ಕದಲ್ಲಿ 63 ಆಂಪಿಯರ್‌ನ ಮೇನ್ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನಾಗಿ ಬೀಳುವ ಸ್ವಿಚ್) ಹಾಕಿ, ಶೆಡ್ಡಿನಲ್ಲಿ ಪ್ರತಿ ಯಂತ್ರಕ್ಕೂ 32 ಆಂಪಿಯರ್‌ನ ಸಿಂಗಲ್ ಪೋಲ್ (ಒಂದೇ ತಂತಿಯನ್ನು ಕತ್ತರಿಸುವ) ಎಂಸಿಬಿಗಳನ್ನು ಮೂರು ಮೂರರಂತೆ ಹಾಕಿದರೆ ಎಂದಿಗೂ ಟ್ರಿಪ್ ಆಗುವ ತೊಂದರೆ ಇರುವುದಿಲ್ಲ ಎಂದು ಹೇಳುತ್ತಿದ್ದಾರೆ. ಪ್ಲೇನರ್ ಯಂತ್ರವನ್ನು ನನಗೆ ಮಾರಿದವರು, ತಮ್ಮಲ್ಲಿ 10 ಆಂಪಿಯರ್‌ನ ಸಿ ಕರ್ವ್ ಎಂಸಿಬಿ ಇದ್ದಾಗ ಯಂತ್ರ ಶುರುವಾಗುವ ಹೊತ್ತಿಗೇ ಆಗಾಗ ಬೀಳುತ್ತಿತ್ತು ಎಂದಿದ್ದರು. ಹೀಗಾಗಿ ದೊಡ್ಡದನ್ನೇ ಹಾಕಬೇಕೇ, ಡಿ ಕರ್ವ್ ಹಾಕಬೇಕೇ, ಮೂರು ಪೋಲ್ ಸಾಕೇ ಅಥವಾ ನಾಲ್ಕು ಪೋಲ್ ಬೇಕೇ, ಆರ್‌ಸಿಸಿಬಿ (ಕರೆಂಟು ಸೋರಿದರೆ ಕತ್ತರಿಸುವ ಸ್ವಿಚ್) ಹಾಕಿದರೆ ಮೋಟಾರುಗಳ ಜೊತೆ ಅದು ನಿಲ್ಲುತ್ತದೆಯೇ ಎಂಬ ಪ್ರಶ್ನೆಗಳು ನನ್ನ ಮುಂದಿವೆ. ಈ ಕೆಲಸದ ಅನುಭವವಿರುವವರು ದಯವಿಟ್ಟು ಕಾರಣಸಹಿತ ತಿಳಿಸಿಕೊಡಬೇಕೆಂದು ಕೋರುತ್ತೇನೆ.

ವಿದ್ಯುತ್ ಗುತ್ತಿಗೆದಾರ, ಮೈಸೂರು

ನಮಸ್ಕಾರ. ನಿಮ್ಮ ಎಲೆಕ್ಟ್ರಿಷಿಯನ್ ಹೇಳಿರುವ ಮೇನ್ ಆಗಲಿ, ಯಂತ್ರಗಳ ಎಂಸಿಬಿಯಾಗಲಿ, ಮೂರು ಬಿಡಿ ಪೋಲ್‌ಗಳಾಗಲಿ, ಯಾವುದನ್ನೂ ಒಪ್ಪಿಕೊಳ್ಳಬೇಡಿ. ಟ್ರಿಪ್ ಆಗದ ಹಾಗೆ ಎಂಸಿಬಿ ಆರಿಸುವುದೆಂದರೆ ಅದನ್ನು ಹಾಕದೆಯೇ ಇರುವುದಕ್ಕೆ ಸಮ.

ಎಂಸಿಬಿ ಕಾಯುವುದು ಅದರಿಂದ ಮುಂದೆ ಹೋಗುವ ವೈರನ್ನು. ಆದ್ದರಿಂದ ಲೆಕ್ಕ ಶುರುವಾಗಬೇಕಾದದ್ದು ವೈರಿನಿಂದಲೇ. ಪೈಪಿನೊಳಗೆ ಮೂರು ಫೇಸ್‌ಗಳನ್ನು ಒಯ್ಯುವ 2.5 ಚದರ ಮಿ.ಮೀ. ತಾಮ್ರದ ಪಿವಿಸಿ ವೈರು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 21 ಆಂಪಿಯರ್ ತಾಳುತ್ತದೆ. ತಗಡಿನ ಶೆಡ್ಡಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ 40 ಡಿಗ್ರಿ ಎಂದು ಹಿಡಿದರೂ ಅದನ್ನು 0.87ರಿಂದ ಗುಣಿಸಬೇಕಾಗುತ್ತದೆ, ಆಗ ಉಳಿಯುವುದು 18 ಆಂಪಿಯರ್. ಒಂದೇ ಪೈಪಿನಲ್ಲಿ ಎರಡು ಮೂರು ಯಂತ್ರಗಳ ವೈರುಗಳನ್ನು ತೂರಿಸಿದರೆ ಅದು ಇನ್ನೂ ಇಳಿಯುತ್ತದೆ, ಆದ್ದರಿಂದ ಪ್ರತಿ ಯಂತ್ರಕ್ಕೂ ಬೇರೆ ಪೈಪು ಹಾಕಿಸಿ. ಈಗ ಆ ವೈರಿನ ತಲೆಯ ಮೇಲೆ 32 ಆಂಪಿಯರ್‌ನ ಎಂಸಿಬಿ ಕೂತಿದೆ ಎಂದುಕೊಳ್ಳಿ. ಮಾನದಂಡದ ಪ್ರಕಾರ ಎಂಸಿಬಿಯು ತನ್ನ ರೇಟಿಂಗ್‌ನ 1.13 ಪಟ್ಟು ಕರೆಂಟಿಗೆ ಒಂದು ಗಂಟೆಯವರೆಗೆ ಟ್ರಿಪ್ ಆಗಕೂಡದು, 1.45 ಪಟ್ಟು ಆದಾಗ ಒಂದು ಗಂಟೆಯೊಳಗೆ ಟ್ರಿಪ್ ಆಗಲೇಬೇಕು. ಅಂದರೆ 18 ಆಂಪಿಯರ್ ತಾಳುವ ವೈರಿನಲ್ಲಿ 36 ಆಂಪಿಯರ್ ಹರಿಯುತ್ತಿದ್ದರೂ ನಿಮ್ಮ 32ರ ಎಂಸಿಬಿ ಸುಮ್ಮನೆ ಕೂತಿರುತ್ತದೆ. ಅದರ ಸುತ್ತ ಇರುವುದು ಮರದ ಪುಡಿ ಎಂಬುದನ್ನು ಮರೆಯಬೇಡಿ.

ಮೇನ್‌ಗೂ ಇದೇ ಲೆಕ್ಕ. ನೀವು ಹಾಕಿಸಿರುವ 10 ಚದರ ಮಿ.ಮೀ. ಅಲ್ಯೂಮಿನಿಯಂ ಕೇಬಲ್ ತಾಳುವುದು ಸರಿಸುಮಾರು 40 ಆಂಪಿಯರ್. ಅದಕ್ಕೆ 63 ಸಲ್ಲದು, 32 ಸಾಕು. ಮಂಜೂರಾದ 10 ಕಿಲೋವಾಟನ್ನು ಮೂರು ಫೇಸ್‌ಗಳಿಗೆ ಹಂಚಿದರೆ ಪವರ್ ಫ್ಯಾಕ್ಟರ್ 0.85 ಎಂದಿಟ್ಟುಕೊಂಡರೂ ಫೇಸಿಗೆ 16ರಿಂದ 17 ಆಂಪಿಯರ್ ಬರುತ್ತದೆ, ಹಾಗಾಗಿ 32ರಲ್ಲಿ ನಿಮಗೆ ಇಕ್ಕಟ್ಟಾಗುವುದಿಲ್ಲ. 60 ಅಡಿಗೆ ಕೇಬಲ್ಲಿನಲ್ಲಿ ವೋಲ್ಟೇಜ್ ಇಳಿಯುವುದು ಎರಡು ಮೂರು ವೋಲ್ಟ್ ಮಾತ್ರ. ಅದರ ಚಿಂತೆ ಬೇಡ. ಆದರೆ ಅಲ್ಯೂಮಿನಿಯಂ ಎಳೆಗಳನ್ನು ನೇರವಾಗಿ ಎಂಸಿಬಿಯ ಬಾಯಿಗೆ ತುರುಕದೆ ಪಿನ್ ಲಗ್ (ಎಳೆಗಳ ತುದಿಗೆ ಕೂರಿಸುವ ಲೋಹದ ಪಿನ್) ಒತ್ತಿ ಕ್ರಿಂಪ್ ಮಾಡಿಸಿ. ಸ್ಕ್ರೂ ಸಡಿಲವಾದ ಕಡೆ ಹುಟ್ಟುವ ಬಿಸಿ ಎಂಸಿಬಿಯೊಳಗಿನ ಪಟ್ಟಿಗೂ ತಾಗಿ, ಓವರ್‌ಲೋಡ್ ಇಲ್ಲದೆಯೂ ಅದು ಬೀಳುವಂತೆ ಮಾಡುತ್ತದೆ. ಎಷ್ಟೋ ಮಂದಿ ಅದನ್ನು ಎಂಸಿಬಿಯ ದೋಷವೆಂದು ತಿಳಿದು ದೊಡ್ಡದನ್ನು ತಂದು ಕೂರಿಸುತ್ತಾರೆ.

ಇನ್ನು ಕರ್ವ್ ವಿಚಾರ. ಎಂಸಿಬಿಯೊಳಗೆ ಎರಡು ಬೇರೆ ಬೇರೆ ಕೆಲಸಗಾರರಿದ್ದಾರೆ. ನಿಧಾನವಾಗಿ ಬಿಸಿಯಾಗಿ ಬಾಗುವ ದ್ವಿಲೋಹದ ಪಟ್ಟಿ ಓವರ್‌ಲೋಡನ್ನು ನೋಡಿಕೊಳ್ಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಳೆಯುವ ಅಯಸ್ಕಾಂತದ ಸುರುಳಿ ಶಾರ್ಟ್ ಸರ್ಕ್ಯೂಟನ್ನು ನೋಡಿಕೊಳ್ಳುತ್ತದೆ. ಬಿ, ಸಿ, ಡಿ ಎಂಬ ವ್ಯತ್ಯಾಸ ಇರುವುದು ಎರಡನೆಯದರಲ್ಲಿ ಮಾತ್ರ: ಬಿ ಕರ್ವ್ ರೇಟಿಂಗ್‌ನ 3ರಿಂದ 5 ಪಟ್ಟಿಗೆ, ಸಿ ಕರ್ವ್ 5ರಿಂದ 10 ಪಟ್ಟಿಗೆ, ಡಿ ಕರ್ವ್ 10ರಿಂದ 20 ಪಟ್ಟಿಗೆ ತಕ್ಷಣ ಬೀಳುತ್ತದೆ. ನಿಮ್ಮ 3 ಎಚ್‌ಪಿ ಮೋಟಾರಿನ ಪೂರ್ಣ ಲೋಡ್ ಕರೆಂಟು 415 ವೋಲ್ಟಿನಲ್ಲಿ ಸುಮಾರು 5 ಆಂಪಿಯರ್. ನೇರವಾಗಿ ಸ್ಟಾರ್ಟ್ ಮಾಡಿದಾಗ ಅದು ಆರೇಳು ಪಟ್ಟು, ಅಂದರೆ 30ರಿಂದ 35 ಆಂಪಿಯರ್ ಎಳೆಯುತ್ತದೆ. ಸಿ-10 ಎಂಸಿಬಿಯ ಅಯಸ್ಕಾಂತ ಎಚ್ಚರಗೊಳ್ಳುವುದು 50 ಆಂಪಿಯರ್ ದಾಟಿದ ಮೇಲೆಯೇ ಆದ್ದರಿಂದ, ಹಿಂದಿನ ಮಾಲೀಕರಲ್ಲಿ ಬೀಳುತ್ತಿದ್ದದ್ದು ಬಹುಶಃ ಆ ಕಾರಣಕ್ಕಲ್ಲ. ಪ್ಲೇನರ್‌ನ ಕಟ್ಟರ್ ಬ್ಲಾಕ್ ಭಾರವಾಗಿರುವುದರಿಂದ ಪೂರ್ತಿ ವೇಗಕ್ಕೆ ಬರಲು ಹಲವು ಸೆಕೆಂಡು ಹಿಡಿಯುತ್ತದೆ, ಅಷ್ಟು ಹೊತ್ತು ರೇಟಿಂಗ್‌ನ ಮೂರೂವರೆ ಪಟ್ಟು ಕರೆಂಟು ಹರಿದರೆ 10 ಆಂಪಿಯರ್‌ನ ಪಟ್ಟಿ ಬಿಸಿಯಾಗಿ ಬಿಡುತ್ತದೆ. ಇದಕ್ಕೆ ಡಿ-10 ಹಾಕಿದರೂ ಪ್ರಯೋಜನವಿಲ್ಲ, ಏಕೆಂದರೆ ಪಟ್ಟಿಯ ಗುಣ ಎರಡರಲ್ಲೂ ಒಂದೇ. ಸಿ-16 ಹಾಕಿ. ಅದೇ 35 ಆಂಪಿಯರ್ ಅದಕ್ಕೆ ಎರಡು ಪಟ್ಟು ಚಿಲ್ಲರೆಯಷ್ಟೇ ಆಗುವುದರಿಂದ ಸ್ಟಾರ್ಟ್ ಆಗುವವರೆಗೆ ತಾಳಿಕೊಳ್ಳುತ್ತದೆ, ಮತ್ತು 2.5 ಚದರ ಮಿ.ಮೀ. ವೈರಿನ 18 ಆಂಪಿಯರ್‌ನ ಒಳಗೇ ಇರುತ್ತದೆ.

ಡಿ ಕರ್ವ್‌ಗೆ ಇನ್ನೊಂದು ತೊಡಕಿದೆ. ಡಿ-16 ಖಂಡಿತವಾಗಿ ತಕ್ಷಣ ಬೀಳಬೇಕಾದರೆ 320 ಆಂಪಿಯರ್ ಬೇಕು. ಸಿ-16ಕ್ಕೆ 160 ಸಾಕು. 100 ಕೆವಿಎ ಟಿಸಿಯ (ಬೀದಿಯ ಟ್ರಾನ್ಸ್‌ಫಾರ್ಮರ್‌ನ) ಬುಡದಲ್ಲಿ ಶಾರ್ಟ್ ಆದರೆ ಸುಮಾರು 3,000 ಆಂಪಿಯರ್ ಹರಿಯಬಹುದು. ಆದರೆ ಊರ ಹೊರಗೆ ಉದ್ದನೆಯ ಸಣ್ಣ ತಂತಿಯ ಎಲ್‌ಟಿ (ಕಡಿಮೆ ವೋಲ್ಟೇಜಿನ) ಲೈನಿನ ತುದಿಯಲ್ಲಿ ಮನೆಯಿದ್ದರೆ, ಅದು ಕೆಲವು ನೂರು ಆಂಪಿಯರ್‌ಗೆ ಇಳಿದಿರುತ್ತದೆ. ಅಂಥಲ್ಲಿ ಡಿ ಕರ್ವ್ ಹಾಕಿದರೆ ಶಾರ್ಟ್ ಸರ್ಕ್ಯೂಟನ್ನೂ ಅದು ಓವರ್‌ಲೋಡ್ ಎಂದೆಣಿಸಿ ಸೆಕೆಂಡುಗಟ್ಟಲೆ ಕಾಯುತ್ತದೆ. ದೊಡ್ಡ ಟ್ರಾನ್ಸ್‌ಫಾರ್ಮರ್ ಮಾದರಿಯ ವೆಲ್ಡಿಂಗ್ ಯಂತ್ರವಿಲ್ಲದ ನಿಮ್ಮ ಶೆಡ್ಡಿಗೆ ಡಿ ಕರ್ವ್ ಬೇಕಾಗಿಲ್ಲ.

ಲೇತ್‌ಗೂ ಕಂಪ್ರೆಸರಿಗೂ ಸಿ-10 ಸಾಕು. ಎರಡರದ್ದೂ ಸುಮಾರು ಮೂರೂವರೆ ಆಂಪಿಯರ್ ಮಾತ್ರ. ವೆಲ್ಡಿಂಗ್ ಯಂತ್ರಕ್ಕೆ 2.5ರ ವೈರು ಬೇಡ. ಸಣ್ಣ ರಾಡುಗಳನ್ನಷ್ಟೇ ಸುಡುವುದಾದರೆ 4 ಚದರ ಮಿ.ಮೀ. ವೈರು ಮತ್ತು ಸಿ-25, ಪೂರ್ತಿ ಸಾಮರ್ಥ್ಯದಲ್ಲಿ ಬಳಸುವುದಾದರೆ 6 ಚದರ ಮಿ.ಮೀ. ವೈರು ಮತ್ತು ಸಿ-32 ಇರಲಿ. ಆದರೆ ಎರಡನೆಯ ಪಕ್ಷದಲ್ಲಿ ಮೇನ್ ಕೂಡ 32 ಆಗಿರುವುದರಿಂದ, ಆ ಫೇಸಿನಲ್ಲಿ ಬೇರೆ ಏನಾದರೂ ಜೊತೆಗೆ ಓಡಿದರೆ ಮೇನ್ ಬೀಳಬಹುದು.

ಪೋಲ್‌ಗಳ ಬಗ್ಗೆ ನನ್ನ ಮಾತು ಖಡಾಖಂಡಿತ. ತ್ರೀ ಫೇಸ್ ಮೋಟಾರಿಗೆ ಮೂರು ಬಿಡಿ ಸಿಂಗಲ್ ಪೋಲ್ ಎಂಸಿಬಿ ಎಂದಿಗೂ ಸಲ್ಲದು, ಏಕೆಂದರೆ ಒಂದು ಬಿದ್ದು ಎರಡು ಉಳಿದರೆ ಮೋಟಾರ್ ಎರಡೇ ಫೇಸಿನಲ್ಲಿ ಓಡುತ್ತಾ ಸುಡುತ್ತದೆ. ಮೂರನ್ನೂ ಒಟ್ಟಿಗೆ ಎಳೆಯುವ ಟಿಪಿ (ಮೂರು ಪೋಲ್‌ನ) ಎಂಸಿಬಿಯೇ ಬೇಕು. ಮೋಟಾರಿಗೆ ನ್ಯೂಟ್ರಲ್ ಹೋಗುವುದಿಲ್ಲವಾದ್ದರಿಂದ ಅಲ್ಲಿ ನಾಲ್ಕನೆಯ ಪೋಲ್ ಬೇಡ. ಮೇನ್‌ನಲ್ಲಿ ಮಾತ್ರ ನಾಲ್ಕೂ ಒಟ್ಟಿಗೆ ತೆರೆದುಕೊಳ್ಳುವ ಫೋರ್ ಪೋಲ್ ಎಂಸಿಬಿ ಹಾಕಿ. ನ್ಯೂಟ್ರಲ್‌ಗೆ ಪ್ರತ್ಯೇಕವಾಗಿ ಒಂದು ಎಂಸಿಬಿಯನ್ನಾಗಲಿ ಫ್ಯೂಸನ್ನಾಗಲಿ ಹಾಕಲು ಯಾರಿಗೂ ಬಿಡಬೇಡಿ. ಫೇಸ್‌ಗಳು ಇದ್ದು ನ್ಯೂಟ್ರಲ್ ಒಂದೇ ಬಿಟ್ಟುಹೋದರೆ ಸಿಂಗಲ್ ಫೇಸ್ ಉಪಕರಣಗಳಿಗೆ 240 ವೋಲ್ಟಿನ ಬದಲು 350, 400 ವೋಲ್ಟ್ ತಲುಪಿ ಎಲ್ಲವೂ ಒಮ್ಮೆಗೇ ಹಾಳಾಗುತ್ತವೆ.

ಎಂಸಿಬಿಯ ಮುಖದ ಮೇಲೆ ಚೌಕದೊಳಗೆ 10000 ಎಂದು ಬರೆದಿರುವುದನ್ನೇ ಕೊಳ್ಳಿ. ಅದು 10 ಕಿಲೋ ಆಂಪಿಯರ್ ಶಾರ್ಟ್ ಸರ್ಕ್ಯೂಟನ್ನು ಕತ್ತರಿಸಬಲ್ಲ ಸಾಮರ್ಥ್ಯ. ಐಎಸ್‌ಐ ಗುರುತಿನ ಕೆಳಗಿರುವ ಸಿಎಂ/ಎಲ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದರೆ ಮಾಲು ಅಸಲಿಯೋ ನಕಲಿಯೋ ಎಂಬುದು ಅಂಗಡಿಯಲ್ಲೇ ತಿಳಿಯುತ್ತದೆ.

ಮೋಟಾರ್ ವೈಂಡಿಂಗ್, ಹುಬ್ಬಳ್ಳಿ

ಮೇಲಿನವರು ಬರೆದದ್ದೆಲ್ಲ ಸರಿ. ಆದರೆ ಅದನ್ನು ಓದಿ, ಎಂಸಿಬಿ ಸರಿಯಾಗಿ ಆರಿಸಿದರೆ ಮೋಟಾರ್ ಸುರಕ್ಷಿತ ಎಂದು ಯಾರೂ ತಿಳಿಯಬಾರದು ಎಂಬ ಕಾರಣಕ್ಕೆ ಇಷ್ಟು ಸೇರಿಸುತ್ತಿದ್ದೇನೆ.

ಸುಟ್ಟ ಮೋಟಾರ್ ನಮ್ಮ ಅಂಗಡಿಗೆ ಬಂದಾಗ ಹಿಂದಿನ ಕವರ್ ಬಿಚ್ಚಿ ಸುರುಳಿಗಳನ್ನು ನೋಡಿದರೆ ಸಾವಿನ ಕಾರಣ ಅಲ್ಲೇ ಬರೆದಿರುತ್ತದೆ. ಎಲ್ಲ ಸುರುಳಿಗಳೂ ಒಂದೇ ಸಮನೆ ಕಪ್ಪಾಗಿದ್ದರೆ ಅದು ಓವರ್‌ಲೋಡು, ಅಥವಾ ರೋಟರ್ ಸಿಕ್ಕಿಹಾಕಿಕೊಂಡದ್ದು, ಅಥವಾ ಕಡಿಮೆ ವೋಲ್ಟೇಜು. ಸ್ಟಾರ್ ಕನೆಕ್ಷನ್ನಿನ ಮೋಟಾರಿನಲ್ಲಿ ಎರಡು ಫೇಸಿನ ಸುರುಳಿಗಳು ಇದ್ದಿಲಿನಂತಾಗಿ, ಮೂರನೆಯ ಫೇಸಿನ ಸುರುಳಿಗಳ ಮೇಲೆ ವಾರ್ನಿಷ್ ಇನ್ನೂ ಹೊಂಬಣ್ಣದಲ್ಲೇ ಹೊಳೆಯುತ್ತಿದ್ದರೆ, ಓಡುತ್ತಿದ್ದಾಗ ಒಂದು ಫೇಸ್ ಹೋಗಿದೆ ಎಂದರ್ಥ. ಡೆಲ್ಟಾ ಆಗಿದ್ದರೆ ಇದು ತಿರುಗುಮುರುಗಾಗುತ್ತದೆ: ಒಂದು ಫೇಸ್ ಸುಟ್ಟು ಎರಡು ಉಳಿದಿರುತ್ತವೆ. ಹೊಲದ ಪಂಪಿನಿಂದ ಹಿಡಿದು ಹಿಟ್ಟಿನ ಗಿರಣಿಯವರೆಗೆ ನಮ್ಮ ಕಡೆ ಮೋಟಾರುಗಳು ಸಾಯುವುದು ಹೆಚ್ಚಾಗಿ ಹೀಗೆಯೇ.

ಇದರಲ್ಲಿ ಎಂಸಿಬಿಯ ಪಾತ್ರವೇನು ಎಂದು ಲೆಕ್ಕ ಹಾಕಿ ನೋಡಿ. 5 ಆಂಪಿಯರ್ ಎಳೆಯುತ್ತಿದ್ದ ನಿಮ್ಮ ಪ್ಲೇನರ್ ಮೋಟಾರಿಗೆ ಒಂದು ಫೇಸ್ ತಪ್ಪಿದರೆ, ಅದೇ ಕೆಲಸ ಮಾಡಲು ಉಳಿದೆರಡರಲ್ಲಿ 1.73 ಪಟ್ಟು, ಅಂದರೆ ಎಂಟೂವರೆ ಆಂಪಿಯರ್ ದಾಟಿ ಹರಿಯುತ್ತದೆ. ಸಿ-16 ಎಂಸಿಬಿ 18 ಆಂಪಿಯರ್‌ವರೆಗೆ ಅಲುಗಾಡುವಂತೆಯೇ ಇಲ್ಲ. ಸಿ-10 ಇದ್ದರೂ ಅಷ್ಟೇ. ಮೋಟಾರ್ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಎಂಸಿಬಿ ಮೇಲೆದ್ದೇ ಇರುತ್ತದೆ. ಆದ್ದರಿಂದ ಪ್ರತಿ ಯಂತ್ರಕ್ಕೂ ಕಾಂಟ್ಯಾಕ್ಟರ್ (ಕಾಯಿಲ್‌ನಿಂದ ಕೂಡುವ ಸ್ವಿಚ್) ಮತ್ತು ಥರ್ಮಲ್ ಓವರ್‌ಲೋಡ್ ರಿಲೇ ಇರುವ ಡಿಒಎಲ್ (ಮೋಟಾರನ್ನು ನೇರವಾಗಿ ಲೈನಿಗೆ ಜೋಡಿಸುವ) ಸ್ಟಾರ್ಟರ್ ಕಡ್ಡಾಯವಾಗಿ ಬೇಕು, ಮತ್ತು ಆ ರಿಲೇಯ ಡಯಲ್ಲನ್ನು ಮೋಟಾರಿನ ಪ್ಲೇಟ್ ಮೇಲೆ ಬರೆದಿರುವ ಆಂಪಿಯರ್‌ಗೇ ಇಡಬೇಕು. ಟ್ರಿಪ್ ಆಗುತ್ತದೆಂದು ಡಯಲ್ಲನ್ನು ಒಂದೆರಡು ಗೆರೆ ಮೇಲಕ್ಕೆ ತಿರುಗಿಸುವುದು ರಿಲೇಯನ್ನು ಕುರುಡು ಮಾಡಿದಂತೆ. ಭಾರದ ಕಟ್ಟರ್ ಬ್ಲಾಕಿನಿಂದಾಗಿ ಸ್ಟಾರ್ಟ್ ಆಗುವಾಗಲೇ ರಿಲೇ ಬೀಳುತ್ತಿದ್ದರೆ ಕ್ಲಾಸ್ 10ರ ಬದಲು ಕ್ಲಾಸ್ 20ರ ರಿಲೇ ಕೇಳಿ ತನ್ನಿ. ಸೆಟ್ಟಿಂಗ್ ಅದೇ ಇರುತ್ತದೆ, ತಾಳುವ ಕಾಲ ಮಾತ್ರ ಹೆಚ್ಚುತ್ತದೆ.

ಇದರ ಜೊತೆಗೆ ಮೇನ್‌ನ ನಂತರ ಒಂದು ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ತಪ್ಪಿದರೆ ಮೋಟಾರ್ ನಿಲ್ಲಿಸುವ ಸಾಧನ) ಹಾಕಿಸಿ. ಕೊಳ್ಳುವಾಗ ಅದು ವೋಲ್ಟೇಜ್ ನೋಡುವುದೋ ಕರೆಂಟು ನೋಡುವುದೋ ಎಂದು ಕೇಳಿ. ಓಡುತ್ತಿರುವ ಮೋಟಾರ್ ತಾನೇ ಜನರೇಟರಿನಂತೆ ವರ್ತಿಸಿ, ಹೋದ ಫೇಸಿನ ತುದಿಯಲ್ಲಿ ಸಾಕಷ್ಟು ವೋಲ್ಟೇಜನ್ನು ಹುಟ್ಟಿಸುತ್ತದೆ. ಅಗ್ಗದ, ವೋಲ್ಟೇಜನ್ನಷ್ಟೇ ಅಳೆಯುವ ಸಾಧನಗಳು ಇದಕ್ಕೆ ಮೋಸಹೋಗಿ ಮೂರೂ ಫೇಸ್ ಇವೆ ಎಂದುಕೊಳ್ಳುತ್ತವೆ. ಫೇಸ್ ಸೀಕ್ವೆನ್ಸ್ (ಫೇಸ್‌ಗಳ ಸರದಿ) ನೋಡುವ ಗುಣವೂ ಅದರಲ್ಲಿರಲಿ. ಕಂಬದ ಮೇಲೆ ಲೈನ್‌ಮನ್ ತಂತಿ ಬದಲಿಸಿ ಕಟ್ಟಿದ ಮರುದಿನ ಸಾ ಬ್ಲೇಡು ಹಿಂದುಮುಂದಾಗಿ ತಿರುಗಿದರೆ ಮರದ ತುಂಡು ಎತ್ತ ಹಾರುತ್ತದೆ ಎಂದು ಹೇಳಲಾಗದು.

ಕರಾವಳಿ ಮರಗೆಲಸ, ಕುಂದಾಪುರ

ಆರ್‌ಸಿಸಿಬಿ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನನ್ನ ಅಭಿಪ್ರಾಯ ತಿಳಿಸುತ್ತೇನೆ. ಅದು ನಿಲ್ಲುತ್ತದೆಯೇ ಎಂದು ಕೇಳಿದ್ದೀರಿ. ಮಳೆಗಾಲದ ನಾಲ್ಕು ತಿಂಗಳು ಗೋಡೆಯೇ ಬೆವರುವ ನಮ್ಮ ಊರಿನಲ್ಲಿ 30 ಮಿಲಿ ಆಂಪಿಯರ್‌ನ ಫೋರ್ ಪೋಲ್ ಆರ್‌ಸಿಸಿಬಿಯೊಂದಿಗೇ ನಮ್ಮ ಯಂತ್ರಗಳು ಓಡುತ್ತಿವೆ. ಎಲ್ಲ ಯಂತ್ರಗಳನ್ನೂ ಒಂದೇ ಆರ್‌ಸಿಸಿಬಿಗೆ ಕಟ್ಟದೆ ಎರಡಾಗಿ ಹಂಚಿದರೆ ಸಣ್ಣ ಸಣ್ಣ ಸೋರಿಕೆಗಳು ಒಟ್ಟುಗೂಡಿ ಬೀಳಿಸುವುದು ತಪ್ಪುತ್ತದೆ. 30ರ ಆರ್‌ಸಿಸಿಬಿ 15 ಮಿಲಿ ಆಂಪಿಯರ್ ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು ಎಂಬುದು ನೆನಪಿರಲಿ. ಹಳೆಯ ಮೋಟಾರುಗಳನ್ನು ಜೋಡಿಸುವ ಮುಂಚೆ 500 ವೋಲ್ಟ್ ಮೆಗ್ಗರ್‌ನಿಂದ (ಇನ್ಸುಲೇಷನ್ ಅಳೆಯುವ ಮೀಟರ್) ಪರೀಕ್ಷಿಸಿ, 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಬಿಸಿಲಿನಲ್ಲಿ ಒಣಗಿಸಿ ಅಥವಾ ವೈಂಡಿಂಗ್ ಅಂಗಡಿಯಲ್ಲಿ ವಾರ್ನಿಷ್ ಮಾಡಿಸಿ. ಅಂಥ ಮೋಟಾರಿನಿಂದ ಆರ್‌ಸಿಸಿಬಿ ಬಿದ್ದರೆ ಅದು ತನ್ನ ಕೆಲಸ ಮಾಡಿದೆ ಎಂದೇ ಅರ್ಥ.

ಆರ್‌ಸಿಸಿಬಿಗೆ ಓವರ್‌ಲೋಡ್ ತಿಳಿಯುವುದಿಲ್ಲ. 40 ಆಂಪಿಯರ್‌ನ ಆರ್‌ಸಿಸಿಬಿಯನ್ನು ನಿಮ್ಮ 32ರ ಮೇನ್ ಎಂಸಿಬಿಯ ನಂತರ ಇಟ್ಟರೆ ಅದು ಸುರಕ್ಷಿತ. ಎರಡು ಆರ್‌ಸಿಸಿಬಿಗಳಿದ್ದರೆ ಅವುಗಳ ನ್ಯೂಟ್ರಲ್‌ಗಳು ಮುಂದೆ ಎಲ್ಲೂ ಸೇರಕೂಡದು. ಡಿಬಿಯಲ್ಲಿ (ಎಂಸಿಬಿಗಳನ್ನು ಕೂರಿಸುವ ಪೆಟ್ಟಿಗೆ) ಎರಡು ಬೇರೆ ನ್ಯೂಟ್ರಲ್ ಪಟ್ಟಿಗಳಿರಲಿ. ಮೋಟಾರುಗಳಿಗೆ ಮಾತ್ರ ಇರುವ ಆರ್‌ಸಿಸಿಬಿಗೂ ನ್ಯೂಟ್ರಲ್ ತಂದು ಜೋಡಿಸಿ, ಇಲ್ಲದಿದ್ದರೆ ಕೆಲವು ಮಾದರಿಗಳಲ್ಲಿ ಟೆಸ್ಟ್ ಬಟನ್ ಕೆಲಸ ಮಾಡುವುದಿಲ್ಲ.

ದೀಪಗಳನ್ನು ಯಂತ್ರಗಳ ಆರ್‌ಸಿಸಿಬಿಯಿಂದ ಬೇರೆಯಾಗಿಡಿ ಎಂದು ಒತ್ತಿ ಹೇಳುತ್ತೇನೆ. ಆರ್‌ಸಿಸಿಬಿ ಬಿದ್ದಾಗ ಮೋಟಾರಿಗೆ ಕರೆಂಟು ಹೋದರೂ ಬ್ಲೇಡು ತಕ್ಷಣ ನಿಲ್ಲುವುದಿಲ್ಲ. ಹಲಗೆಯನ್ನು ಒತ್ತಿ ಹಿಡಿದು, ಬೆರಳುಗಳು ಬ್ಲೇಡಿನ ಗೇಣು ದೂರದಲ್ಲಿರುವಾಗ, ಸುತ್ತಲೂ ಕತ್ತಲಾಗಿ ಬ್ಲೇಡು ಮಾತ್ರ ಇನ್ನೂ ಸುಯ್ಯೆಂದು ತಿರುಗುತ್ತಿರುವ ಸ್ಥಿತಿ ಯಾರಿಗೂ ಬೇಡ.

ಇನ್ನೊಂದು ವಿಚಾರ ಕರೆಂಟು ಮರಳಿ ಬರುವಾಗಿನದು. ಕರೆಂಟು ಹೋದಾಗ ಎಂಸಿಬಿ ಬೀಳುವುದಿಲ್ಲ. ಸ್ಟಾರ್ಟರ್ ಇಲ್ಲದೆ ಬರಿಯ ಎಂಸಿಬಿಯನ್ನೇ ಸ್ವಿಚ್ಚಿನಂತೆ ಬಳಸುವ ಶೆಡ್ಡುಗಳಲ್ಲಿ, ಬ್ಲೇಡು ಬಿಚ್ಚಿ ಚೊಕ್ಕ ಮಾಡುತ್ತಿರುವಾಗ ಕರೆಂಟು ಬಂದು ಯಂತ್ರ ತಾನಾಗಿಯೇ ತಿರುಗತೊಡಗುತ್ತದೆ. ಒತ್ತುಗುಂಡಿಯ ಡಿಒಎಲ್ ಸ್ಟಾರ್ಟರ್ ಇದ್ದರೆ ಕರೆಂಟು ಹೋದೊಡನೆ ಅದರ ಕಾಯಿಲ್ ಬಿಟ್ಟುಕೊಂಡು, ಹಸಿರು ಗುಂಡಿಯನ್ನು ಮತ್ತೆ ಒತ್ತುವವರೆಗೆ ಯಂತ್ರ ನಿಂತೇ ಇರುತ್ತದೆ. ಪಂಪ್‌ಸೆಟ್ಟಿಗೆ ಕಟ್ಟುವ ಆಟೋ ಸ್ಟಾರ್ಟರನ್ನು ಯಾರಾದರೂ ಉಚಿತವಾಗಿ ಕೊಟ್ಟರೂ ಸಾ ಅಥವಾ ಲೇತ್‌ಗೆ ಜೋಡಿಸಬೇಡಿ.

ಡಿಬಿಯನ್ನು ಪ್ಲೇನರ್‌ನ ಪುಡಿ ಹಾರುವ ದಿಕ್ಕಿನಲ್ಲಾಗಲಿ, ತಗಡಿನ ಕೆಳಗೆ ಎತ್ತರದಲ್ಲಾಗಲಿ ಕೂರಿಸಬೇಡಿ. ಎಂಸಿಬಿಗಳ ರೇಟಿಂಗ್ 30 ಡಿಗ್ರಿಗೆ ನಿಗದಿಯಾದದ್ದು, ಬಿಸಿ ಹೆಚ್ಚಿದಂತೆ ಅವು ಬೇಗ ಬೀಳುತ್ತವೆ. ಇಟ್ಟಿಗೆ ಗೋಡೆಯ ಮೇಲೆ ಎದೆಮಟ್ಟದಲ್ಲಿ, ರಬ್ಬರ್ ಅಂಚಿನ ಬಾಗಿಲಿರುವ ಪೆಟ್ಟಿಗೆ ಸೂಕ್ತ.

ಹಿತ್ತಲ ಶೆಡ್, ತುಮಕೂರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಮೂರು ಸಂದೇಹಗಳು ಉಳಿದಿವೆ. ಎಂಸಿಬಿ ಮತ್ತು ರಿಲೇ ಎರಡರ ಬದಲು ಎಂಪಿಸಿಬಿ (ಮೋಟಾರ್ ರಕ್ಷಣೆಯ ಬ್ರೇಕರ್) ಒಂದನ್ನೇ ಹಾಕಬಹುದು ಎಂದು ಅಂಗಡಿಯವರೊಬ್ಬರು ಹೇಳಿದರು, ಅದು ಸರಿಯೇ? ಲೇತ್‌ನ ವೇಗ ಬದಲಿಸಲು ಮುಂದೆ ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಸಾಧನ) ಹಾಕಿದರೆ ಈ ಯೋಜನೆಯಲ್ಲಿ ಏನು ಬದಲಾಗಬೇಕು? ಶೆಡ್ಡಿನ ಪಕ್ಕದಲ್ಲಿ ಒಳ್ಳೆಯ ಅರ್ಥ್ ಪಿಟ್ ಮಾಡಿಸಿದ್ದೇನೆ, ಅಳೆದಾಗ 10 ಓಮ್ ಬಂದಿದೆ. ಅಷ್ಟಿದ್ದ ಮೇಲೂ ಆರ್‌ಸಿಸಿಬಿ ಅನಿವಾರ್ಯವೇ ಎಂದು ಎಲೆಕ್ಟ್ರಿಷಿಯನ್ ಕೇಳುತ್ತಿದ್ದಾರೆ.

ವಿದ್ಯುತ್ ಗುತ್ತಿಗೆದಾರ, ಮೈಸೂರು

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಜೀವಕ್ಕೆ ಸಂಬಂಧಿಸಿದ್ದು ಅದು. ಪ್ಲೇನರ್‌ನ ಕಬ್ಬಿಣದ ಮೈಗೆ ಒಂದು ಫೇಸ್ ತಾಗಿತು ಎಂದುಕೊಳ್ಳಿ. ಕರೆಂಟು ನಿಮ್ಮ ಪಿಟ್ಟಿನ ಮೂಲಕ ಮಣ್ಣಿಗಿಳಿದು ಟಿಸಿಯ ಅರ್ಥಿಂಗ್‌ಗೆ ಮರಳಬೇಕು. ಟಿಸಿ ಕಡೆಯ ತಡೆಯನ್ನು ಲೆಕ್ಕಕ್ಕೆ ಹಿಡಿಯದೆಯೇ, 240 ವೋಲ್ಟನ್ನು 10 ಓಮ್‌ನಿಂದ ಭಾಗಿಸಿದರೆ ಬರುವುದು 24 ಆಂಪಿಯರ್. ಸಿ-16 ಎಂಸಿಬಿಗೆ 24 ಆಂಪಿಯರ್ ಎಂದರೆ ಒಂದೂವರೆ ಪಟ್ಟು. ಅದು ಬೀಳಲು ಹಲವು ನಿಮಿಷಗಳೇ ಬೇಕಾಗಬಹುದು, ಒಂದು ಗಂಟೆಯವರೆಗೂ ಅದಕ್ಕೆ ಅವಕಾಶವಿದೆ. ಅಷ್ಟು ಹೊತ್ತೂ ಪ್ಲೇನರ್‌ನ ಮೈಮೇಲೆ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ನಿಂತಿರುತ್ತದೆ. ಪಿಟ್ಟಿಗೆ ಇನ್ನಷ್ಟು ಇದ್ದಿಲು, ಉಪ್ಪು ಸುರಿದು 10ನ್ನು 5ಕ್ಕೆ ಇಳಿಸಿದರೂ 160 ಆಂಪಿಯರ್ ಹುಟ್ಟುವುದಿಲ್ಲ. ಆರ್‌ಸಿಸಿಬಿಗಾದರೋ 30 ಮಿಲಿ ಆಂಪಿಯರ್ ಸಾಕು. ಆಗ ಅದು 0.3 ಸೆಕೆಂಡಿನೊಳಗೆ, ಸೋರಿಕೆ ಅದರ ಐದು ಪಟ್ಟಾದರೆ 0.04 ಸೆಕೆಂಡಿನೊಳಗೆ ಕತ್ತರಿಸಬೇಕೆಂದು ಮಾನದಂಡವೇ ಹೇಳುತ್ತದೆ. ಅರ್ಥ್ ಪಿಟ್ ಮತ್ತು ಆರ್‌ಸಿಸಿಬಿ ಎರಡೂ ಸೇರಿಯೇ ಒಂದು ರಕ್ಷಣೆ. ಪ್ರತಿ ಯಂತ್ರದ ಮೈಯಿಂದಲೂ ಹಸಿರು ವೈರು ಡಿಬಿಯ ಅರ್ಥ್ ಪಟ್ಟಿಗೆ ಬರಲೇಬೇಕು. ಒಂದು ಯಂತ್ರದಿಂದ ಇನ್ನೊಂದಕ್ಕೆ ಸರಪಳಿಯಂತೆ ಕಟ್ಟಿದರೆ ನಡುವಿನ ಯಂತ್ರ ಬಿಚ್ಚಿದ ದಿನ ಮುಂದಿನವೆಲ್ಲ ಅನಾಥವಾಗುತ್ತವೆ.

ಎಂಪಿಸಿಬಿ ಒಳ್ಳೆಯ ಸಾಧನ. ಶಾರ್ಟ್ ಸರ್ಕ್ಯೂಟ್ ಮತ್ತು ಓವರ್‌ಲೋಡ್ ಎರಡನ್ನೂ ಒಂದರಲ್ಲೇ ನೋಡಿಕೊಳ್ಳುತ್ತದೆ, ಡಯಲ್ಲನ್ನು ಮೋಟಾರಿನ ಆಂಪಿಯರ್‌ಗೆ ಹೊಂದಿಸಬಹುದು, ಒಂದು ಫೇಸ್ ತಪ್ಪಿದರೆ ಬೇಗ ಬೀಳುತ್ತದೆ. ನಿಮ್ಮ ಪ್ಲೇನರಿಗೆ 4ರಿಂದ 6.3 ಆಂಪಿಯರ್ ವ್ಯಾಪ್ತಿಯದು, ಲೇತ್‌ಗೆ 2.5ರಿಂದ 4 ಆಂಪಿಯರ್ ವ್ಯಾಪ್ತಿಯದು ಹೊಂದುತ್ತದೆ. ಆದರೆ ಕರೆಂಟು ಹೋಗಿ ಬಂದಾಗ ಅದು ತಾನಾಗಿ ಬಿಟ್ಟುಕೊಳ್ಳುವುದಿಲ್ಲ ಎಂಬುದೇ ಕುಂದಾಪುರದವರು ಹೇಳಿದ ಮಾತಿಗೆ ಅಡ್ಡ ಬರುತ್ತದೆ. ಅಂಡರ್ ವೋಲ್ಟೇಜ್ ರಿಲೀಸ್ ಎಂಬ ಬಿಡಿಭಾಗವನ್ನು ಅದಕ್ಕೆ ಸೇರಿಸಬೇಕು, ಇಲ್ಲವೇ ಅದರ ಮುಂದೆ ಕಾಂಟ್ಯಾಕ್ಟರ್ ಇರಬೇಕು. ಎರಡನ್ನೂ ಸೇರಿಸಿ ನೋಡಿದರೆ, ಮನೆಯ ಶೆಡ್ಡಿಗೆ ಸಿ ಕರ್ವ್ ಟಿಪಿ ಎಂಸಿಬಿ ಮತ್ತು ಸಾಮಾನ್ಯ ಡಿಒಎಲ್ ಸ್ಟಾರ್ಟರ್ ಜೋಡಿಯೇ ನನಗೆ ಹೆಚ್ಚು ಹಿಡಿಸುತ್ತದೆ. ಕೆಟ್ಟಾಗ ಬಿಡಿಭಾಗ ಯಾವ ತಾಲ್ಲೂಕಿನ ಅಂಗಡಿಯಲ್ಲಾದರೂ ಸಿಗುತ್ತದೆ.

ವಿಎಫ್‌ಡಿ ಬಂದರೆ ಲೇತ್‌ನ ಸ್ಟಾರ್ಟರ್ ತೆಗೆಯಬೇಕು. ವಿಎಫ್‌ಡಿಯೇ ಮೋಟಾರಿನ ಓವರ್‌ಲೋಡ್ ನೋಡಿಕೊಳ್ಳುತ್ತದೆ, ಅದರಲ್ಲಿ ಮೋಟಾರಿನ ಆಂಪಿಯರ್ ತುಂಬಿಸಿ. ಅದಕ್ಕೂ ಮೋಟಾರಿಗೂ ನಡುವೆ ಓಡುವಾಗ ಬಿಚ್ಚಿಕೊಳ್ಳುವ ಎಂಸಿಬಿ, ಕಾಂಟ್ಯಾಕ್ಟರ್ ಏನೂ ಇರಕೂಡದು. ಕಷ್ಟ ಇರುವುದು ಆರ್‌ಸಿಸಿಬಿಯಲ್ಲಿ. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಎಸಿ ಟೈಪ್ ಆರ್‌ಸಿಸಿಬಿ ಎಸಿ ಸೋರಿಕೆಯನ್ನು ಮಾತ್ರ ಗುರುತಿಸುತ್ತದೆ. ತ್ರೀ ಫೇಸ್ ವಿಎಫ್‌ಡಿಯಲ್ಲಿ ದೋಷವಾದಾಗ ಸೋರುವುದು ನಯವಾದ ಡಿಸಿ ಕರೆಂಟು ಆಗಿರಬಹುದು. ಅದು ಆರ್‌ಸಿಸಿಬಿಯ ಕೋರನ್ನು ಅಯಸ್ಕಾಂತೀಯವಾಗಿ ತುಂಬಿಸಿಬಿಟ್ಟರೆ, ಅದೇ ಆರ್‌ಸಿಸಿಬಿಯಲ್ಲಿರುವ ಬೇರೆ ಯಂತ್ರಗಳ ಸೋರಿಕೆಯನ್ನೂ ಅದು ಕಾಣದಂತಾಗುತ್ತದೆ. ಆದ್ದರಿಂದ ವಿಎಫ್‌ಡಿಗೆ ಬಿ ಟೈಪ್ ಆರ್‌ಸಿಸಿಬಿಯೇ ಬೇಕು, ಮತ್ತು ಅದನ್ನು ಉಳಿದವುಗಳ ಆರ್‌ಸಿಸಿಬಿಯ ಹಿಂದೆ ಪೋಣಿಸದೆ ಮೇನ್‌ನಿಂದಲೇ ನೇರವಾಗಿ ತರಬೇಕು. ಬಿ ಟೈಪ್ ಬಹಳ ದುಬಾರಿ. ಡಿಬಿಯಲ್ಲಿ ಈಗಲೇ ಆ ಜಾಗ ಖಾಲಿ ಬಿಡಿಸಿ, ಹಣ ಹೊಂದಿದ ಮೇಲೆ ವಿಎಫ್‌ಡಿಯನ್ನೂ ಅದನ್ನೂ ಒಟ್ಟಿಗೇ ತನ್ನಿ.

ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಮಾಡಿಸಿ. ಮೀಟರಿನ ಸೀಲ್ ಇರುವ ಭಾಗಕ್ಕೆ ಕೈ ಹಾಕುವ ಕೆಲಸ ಬಂದರೆ ವಿದ್ಯುತ್ ಕಂಪನಿಯವರಿಗೇ ತಿಳಿಸಬೇಕು. ಹಣಕ್ಕಾಗಿ ಹೊರಗಿನವರ ಕೆಲಸ ಹಿಡಿಯುವ ಯೋಚನೆಯಿದ್ದರೆ ಸಂಪರ್ಕದ ವರ್ಗವನ್ನು ಮೊದಲೇ ಬದಲಿಸಿಕೊಳ್ಳಿ, ಗೃಹಬಳಕೆಯ ಮೀಟರಿನಲ್ಲಿ ಅದನ್ನು ಮಾಡಿದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಸೆಕ್ಷನ್ ಅನ್ವಯಿಸುತ್ತದೆ.

ಮೋಟಾರ್ ವೈಂಡಿಂಗ್, ಹುಬ್ಬಳ್ಳಿ

ಪ್ಲೇನರ್ ಮೋಟಾರ್ ರಿವೈಂಡ್ ಆಗಿದೆ ಎಂದಿದ್ದೀರಲ್ಲ, ಅದರ ಪ್ಲೇಟ್ ಮೇಲಿನ ಆಂಪಿಯರನ್ನು ಕಣ್ಣುಮುಚ್ಚಿ ನಂಬಬೇಡಿ. ವೈರಿನ ಗೇಜು ಅಥವಾ ಸುತ್ತುಗಳ ಸಂಖ್ಯೆ ಬದಲಾಗಿದ್ದರೆ ಲೆಕ್ಕವೂ ಬದಲಾಗಿರುತ್ತದೆ. ಸ್ಟಾರ್ಟರ್ ಜೋಡಿಸಿದ ಮೇಲೆ ಬೆಲ್ಟ್ ಬಿಚ್ಚಿ ಖಾಲಿ ಓಡಿಸಿ, ಕ್ಲ್ಯಾಂಪ್ ಮೀಟರಿನಿಂದ ಮೂರೂ ಫೇಸ್‌ಗಳನ್ನು ಒಂದಾದ ಮೇಲೊಂದರಂತೆ ಅಳೆಯಿರಿ. ಮೂರೂ ಹೆಚ್ಚುಕಡಿಮೆ ಸಮವಾಗಿರಬೇಕು. ಒಂದು ಮಾತ್ರ ಎದ್ದು ಕಾಣುವಷ್ಟು ಬೇರೆಯಿದ್ದರೆ ವೋಲ್ಟೇಜುಗಳನ್ನು ಅಳೆದು ನೋಡಿ, ಅವು ಸಮವಾಗಿದ್ದರೆ ದೋಷ ವೈಂಡಿಂಗ್‌ನಲ್ಲಿದೆ. ಆಮೇಲೆ ಬೆಲ್ಟ್ ಹಾಕಿ, ನೀವು ಸಾಮಾನ್ಯವಾಗಿ ಬಳಸುವ ಅತ್ಯಂತ ಗಟ್ಟಿ ಮರವನ್ನು ನಿಮ್ಮ ರೂಢಿಯ ಆಳಕ್ಕೆ ಕೊಟ್ಟು ಇನ್ನೊಮ್ಮೆ ಅಳೆಯಿರಿ. ಬಂದ ಅಂಕಿಗಳನ್ನು ಇಲ್ಲಿ ಬರೆದರೆ ರಿಲೇಯನ್ನು ಎಷ್ಟಕ್ಕೆ ಇಡಬೇಕೆಂದು ಹೇಳುತ್ತೇನೆ. ಅಲ್ಲಿಯವರೆಗೆ ಡಯಲ್ 5 ಆಂಪಿಯರ್‌ನಲ್ಲೇ ಇರಲಿ.